ಬೊಲೆರೋಗೆ ಹೊಸ ಟಯರು

ನಾವು ನಾಲ್ವರು ಅಧ್ಯಾಪಕರು ಪಾಲು ಹಾಕಿ ಓಡಿಸುವ ಹಳೆಯ ಬೊಲೆರೋಗೆ ಈ ಸಲ ಮಳೆಗಾಲದ ಮುಂಚೆ ಟಯರು ಹಾಕಿಸಲೇಬೇಕಾಯಿತು. ಕಲೋತ್ಸವಕ್ಕೆ ಮಕ್ಕಳನ್ನು ಕರೆದೊಯ್ಯುವುದೂ ಅದರಲ್ಲೇ. ಕಳೆದ ಮಳೆಗೆ ಮುಳ್ಳೇರಿಯದಿಂದ ಬರುವಾಗ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ಎರಡು ಮಾರು ಜಾರಿಯೇ ನಿಂತಿತು. ಹಿಂದೆ ಕೂತ ಮಕ್ಕಳು ನಕ್ಕರು. ನಮಗೆ ನಗು ಬರಲಿಲ್ಲ.

ಮುಂದಿನ ಟಯರುಗಳು ನೋಡಲು ಸವೆದಿರಲಿಲ್ಲ, ಕಾನೂನು ಕೇಳುವ 1.6 ಮಿ.ಮೀ.ಗಿಂತ ಹೆಚ್ಚೇ ಇತ್ತು. ಆದರೆ ಬದಿಯಲ್ಲಿ ಅಚ್ಚಾದ ಅಂಕಿ 2314. ಅಂದರೆ 2014ರ 23ನೇ ವಾರ ತಯಾರಾದದ್ದು! ರಬ್ಬರು ಗಟ್ಟಿಯಾಗಿ ಕೂದಲೆಳೆಯಂಥ ಬಿರುಕು ಬಿದ್ದಿತ್ತು. ನಮ್ಮ ಗಣಿತದ ಮಾಸ್ಟ್ರಿಗೂ ಈ ಲೆಕ್ಕ ಗೊತ್ತಿರಲಿಲ್ಲ ಅನ್ನಿ.

ಅಂಗಡಿಯವರು ಅಗಲದ, ದೊಡ್ಡ ಕಚ್ಚಿನ ಟಯರು ತೋರಿಸಿದರು. ಚಂದವೇನೋ ಇತ್ತು. ಆದರೆ ನಮ್ಮದು ಹೆಚ್ಚಾಗಿ ಡಾಮರು ರಸ್ತೆ, ಶಾಲೆಯ ಗುಡ್ಡ ಮಾತ್ರ ಮುರಕಲ್ಲಿನ ದಾರಿ. ಗಾಡಿಗೆ ಹೇಳಿದ 215/75 ಆರ್ 15 ಅಳತೆಯನ್ನೇ ತೆಗೆದೆವು, ಅದೂ ತಯಾರಾದ ವಾರ ನೋಡಿ. ದುಡ್ಡಿದ್ದದ್ದು ಎರಡಕ್ಕೆ. ಹಿಂದೆ ಇದ್ದ ಒಳ್ಳೆಯವನ್ನು ಮುಂದಕ್ಕೆ ತಂದು, ಹೊಸದನ್ನು ಹಿಂದಕ್ಕೆ ಹಾಕಿಸಿದೆವು. ಮಳೆಯಲ್ಲಿ ಹಿಂಬದಿ ಜಾರಿದರೆ ಗಾಡಿ ತಿರುಗಿಯೇ ಬಿಡುತ್ತದೆ.

ಸ್ಟೆಪ್ನಿ ಹಳೆಯದೇ ಇದೆ. ಅದು ಮುಂದಿನ ತಿಂಗಳ ಸಂಬಳಕ್ಕೆ.