ಮನೆಗೇ ಮರಳಿದ ಗೆರೆ

ಮಾನವಶಾಸ್ತ್ರದಲ್ಲಿ ವಂಶಾವಳಿ ಬರೆಯುವುದಕ್ಕೆ ಒಂದು ಪದ್ಧತಿಯಿದೆ. ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಸಮ ಚಿಹ್ನೆ, ಒಡಹುಟ್ಟಿದವರಿಗೆ ಮೇಲೊಂದು ಅಡ್ಡಗೆರೆ. ಅಭ್ಯಾಸಕ್ಕೆಂದು ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ನಾನು ಮೊದಲು ಬರೆದದ್ದು ನಮ್ಮದೇ ವಂಶಾವಳಿ. ಅಪ್ಪನ ತ್ರಿಕೋನ ಹಾಕಿದೆ, ಪಕ್ಕದಲ್ಲಿ ಅವ್ವನ ವೃತ್ತ. ಅವ್ವನ ತವರು ತೋರಿಸಲು ಗೆರೆ ಮೇಲೆಳೆದೆ, ಅಜ್ಜಿ ಬಂದಳು. ಅಜ್ಜಿಯ ಒಡಹುಟ್ಟಿದವರನ್ನು ತೋರಿಸಲು ಅಡ್ಡ ಎಳೆದೆ. ಗೆರೆ ತಿರುಗಿ ಅಪ್ಪನ ತ್ರಿಕೋನಕ್ಕೇ ಬಂದು ನಿಂತಿತು. ಅಪ್ಪ ಅವ್ವನ ಸೋದರಮಾವ. ಹುಟ್ಟಿದಾಗಿನಿಂದ ಗೊತ್ತಿದ್ದ ವಿಷಯವೇ. ಆದರೆ ಹಾಳೆಯ ಮೇಲೆ ಅದನ್ನು ನೋಡಿದ್ದು ಅವತ್ತೇ ಮೊದಲು.

ನಮ್ಮ ಕೊರ್ಲಹಳ್ಳಿ ಮುಂಡರಗಿ ತಾಲ್ಲೂಕಿನ ಅಂಚಿಗೆ, ತುಂಗಭದ್ರೆಯ ದಂಡೆಯ ಮೇಲಿದೆ. ಸೇತುವೆ ದಾಟಿದರೆ ಹೂವಿನಹಡಗಲಿ ಸೀಮೆ. ಪದವಿ ಮುಗಿಯುವವರೆಗೂ ನಾನು ಮಾನವಶಾಸ್ತ್ರದ ಹೆಸರನ್ನೂ ಸರಿಯಾಗಿ ಕೇಳಿರಲಿಲ್ಲ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಗೆ ಐಚ್ಛಿಕ ವಿಷಯ ಒಂದಿರಬೇಕು, 250 ಅಂಕಗಳ ಎರಡು ಪತ್ರಿಕೆ. ಧಾರವಾಡದ ಸಪ್ತಾಪುರದ ಕೋಣೆಯಲ್ಲಿ ಜೊತೆಗಿದ್ದ ಗೆಳೆಯ, "ಪಠ್ಯ ಸಣ್ಣದೈತಿ, ಚಿತ್ರ ಬರದ್ರ ಮಾರ್ಕ್ಸ್ ಬರ್ತಾವ" ಅಂದ. ಅಷ್ಟೇ ಕಾರಣ. ಕೋಣೆಯ ಬಾಡಿಗೆಗೆ, ಕೋಚಿಂಗ್ ಫೀಗೆ ಅಕ್ಕ ತನ್ನ ಎರಡೆಳೆ ಸರ ಒತ್ತೆಯಿಟ್ಟಳು. ಎರಡು ಸಲ ಪ್ರಿಲಿಮ್ಸ್ ದಾಟಲಾಗಲಿಲ್ಲ. ದುಡ್ಡು ಮುಗಿಯಿತು, ಪುಸ್ತಕ ಹೊತ್ತು ಊರಿಗೆ ಬಂದೆ.

ಊರಿಗೆ ಬಂದದ್ದೇ ಒಳ್ಳೆಯದಾಯಿತು ಅಂತ ಆಮೇಲೆ ಅನ್ನಿಸಿತು. ಈ ಶಾಸ್ತ್ರಕ್ಕೆ ಮುಖ್ಯವಾಗಿ ನಾಲ್ಕು ಕವಲು: ಸಾಮಾಜಿಕ-ಸಾಂಸ್ಕೃತಿಕ, ಜೈವಿಕ, ಪುರಾತತ್ವ, ಭಾಷೆ. ಧಾರವಾಡದಲ್ಲಿ ಇವು ನಾಲ್ಕು ನೋಟ್ಸ್‌ಗಳಾಗಿದ್ದವು. ಇಲ್ಲಿ ನಾಲ್ಕೂ ಬಾಗಿಲ ಮುಂದೆ ಬಂದು ನಿಂತವು. ಬಳ್ಳಾರಿ ಕಡೆಯ ಕುಡತಿನಿಯ ಬೂದಿದಿಬ್ಬ ನವಶಿಲಾಯುಗದ ದನಗಾಹಿಗಳು ಸಗಣಿ ಒಟ್ಟಿ ಸುಟ್ಟದ್ದು ಎಂದು ಓದಿದ ದಿನ, ಹಿತ್ತಲಿನ ತಿಪ್ಪೆಯನ್ನು ಬೇರೆ ಕಣ್ಣಿನಿಂದ ನೋಡಿದೆ. ಧರ್ಮದ ಅಧ್ಯಾಯ ಓದುವಾಗ ಮೈಲಾರ ಜಾತ್ರೆಯಲ್ಲಿ ಬಿಲ್ಲೇರಿ ಕಾರಣಿಕ ನುಡಿಯುವ ಗೊರವಯ್ಯ ನೆನಪಾದ. ಎರಡನೇ ಪತ್ರಿಕೆಯಲ್ಲಿ ಬುಡಕಟ್ಟು ಎಂದರೆ ಯಾರು ಎಂಬ ಪ್ರಶ್ನೆ ಬರುತ್ತದೆ. ನಮ್ಮ ಸುತ್ತಲಿನ ತಾಂಡಾಗಳ ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಹಾಡು, ಭಾಷೆ ಒಂದೇ. ಗಡಿ ದಾಟಿದರೆ ಪಟ್ಟಿ ಬೇರೆ. ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಗೈಡಿನಲ್ಲಿ ಸಿಗುತ್ತದೆ?

ಇವೆಲ್ಲ ಖುಷಿಯ ಓದು. ತೊಡಕಾದದ್ದು ಬಂಧುತ್ವದ ಅಧ್ಯಾಯ.

ವಂಶಾವಳಿ ಬರೆದುಕೊಳ್ಳುವುದನ್ನು ಒಂದು ಅಧ್ಯಯನ ವಿಧಾನವಾಗಿ ಬೆಳೆಸಿದವರು ರಿವರ್ಸ್. 1898ರ ಟಾರೆಸ್ ಜಲಸಂಧಿ ಯಾತ್ರೆಯಲ್ಲಿ ಅದನ್ನು ಬಳಸಿ, ಆಮೇಲೆ ನೀಲಗಿರಿಯ ತೋಡರ ನಡುವೆಯೂ ಅದೇ ಕೆಲಸ ಮಾಡಿದರು. ಅದಕ್ಕೂ ಮೊದಲು, 1871ರಲ್ಲಿ, ಅಮೆರಿಕದ ಮಾರ್ಗನ್ ಜಗತ್ತಿನ ಹಲವು ಭಾಷೆಗಳ ಸಂಬಂಧವಾಚಕಗಳ ಪಟ್ಟಿ ಪ್ರಕಟಿಸಿದರು. ಅದರಲ್ಲಿ ತಮಿಳು, ತೆಲುಗಿನ ಜೊತೆ ಕನ್ನಡವೂ ಇದೆ. ಕನ್ನಡದಲ್ಲಿ ಅವ್ವನ ತಮ್ಮನೂ ಮಾವ, ಹೆಂಡತಿಯ ಅಪ್ಪನೂ ಮಾವ. ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಅಕ್ಕನ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಅಂದರೆ ಯಾರನ್ನು ಮದುವೆಯಾಗಬಹುದು ಎಂಬುದನ್ನು ನಾವು ಮಾತು ಕಲಿಯುವಾಗಲೇ ಕಲಿತಿರುತ್ತೇವೆ. ದಿನಕ್ಕೆ ನೂರು ಸಲ ಬಾಯಲ್ಲಿ ಬರುವ ಈ ಮಾತುಗಳ ಒಳಗೆ ಇಷ್ಟು ದೊಡ್ಡ ಲೆಕ್ಕ ಅಡಗಿದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಇರಾವತಿ ಕರ್ವೆ 1953ರ ತಮ್ಮ ಪುಸ್ತಕದಲ್ಲಿ ಉತ್ತರವನ್ನೂ ದಕ್ಷಿಣವನ್ನೂ ಹೋಲಿಸುತ್ತಾರೆ. ಉತ್ತರದಲ್ಲಿ ಹೆಣ್ಣು ಗುರುತು ಪರಿಚಯವಿಲ್ಲದ ಮನೆಗೆ ಹೋಗುತ್ತಾಳೆ. ದಕ್ಷಿಣದಲ್ಲಿ ಬಲ್ಲವರ ನಡುವೆಯೇ ಉಳಿಯುತ್ತಾಳೆ, ತವರಿಗೂ ಗಂಡನ ಮನೆಗೂ ನಡುವಿನ ಗೋಡೆ ಅಷ್ಟು ಎತ್ತರವಿರುವುದಿಲ್ಲ. ಇದನ್ನು ನಾನು ಚೆಂದಾಗಿ ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದು, ಪುಟ ತಿರುಗಿಸಿದೆ.

ಪಠ್ಯದ ಎರಡನೇ ಘಟಕದಲ್ಲಿ ಬರುವ ಇದೇ ಮದುವೆ ಒಂಬತ್ತನೇ ಘಟಕದಲ್ಲಿ, ತಳಿಶಾಸ್ತ್ರದಲ್ಲಿ, ಮತ್ತೆ ಬರುತ್ತದೆ. ಅಲ್ಲಿ ಅದರ ವೇಷ ಬೇರೆ. ಅತ್ತೆ-ಮಾವನ ಮಕ್ಕಳ ಮದುವೆಗೆ ಒಳಸಂತಾನ ಗುಣಾಂಕ 1/16. ಮಾವ-ಸೊಸೆಯ ಮದುವೆಗೆ 1/8. ಅಂದರೆ ಅಂಥ ಮಗುವಿನ ಯಾವುದೇ ಒಂದು ಜೀನಿನ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಎರಡು ದಾರಿ ಹಿಡಿದು ಬಂದಿರುವ ಸಂಭವ ಎಂಟರಲ್ಲಿ ಒಂದು. ಒಂದೇ ಪ್ರತಿಯಿದ್ದಾಗ ಸುಮ್ಮನಿರುವ ದೋಷ, ಎರಡು ಕೂಡಿದಾಗ ಹೊರಗೆ ಕಾಣುತ್ತದೆ. ಹುಟ್ಟು ಕಿವುಡು ಅದರಲ್ಲೊಂದು. ಬೆಂಗಳೂರು, ಮೈಸೂರಿನಲ್ಲಿ 1980ರ ದಶಕದಲ್ಲಿ ಹುಟ್ಟಿದ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಭಾಗ ಮದುವೆಗಳು ರಕ್ತಸಂಬಂಧದೊಳಗಿನವು.

ನನ್ನ ಅಣ್ಣನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ.

ಅವನಿಗೆ ಈಗ ಮೂವತ್ತು ದಾಟಿದೆ. ಹೊಲ ನೋಡಿಕೊಳ್ಳುವವನು ಅವನೇ. ಎತ್ತುಗಳಿಗೆ ಅವನ ಕೈಸನ್ನೆ ಸಾಕು. ನಾನು ಪಡಸಾಲೆಯಲ್ಲಿ 1/8 ಎಂದು ಬರೆಯುತ್ತಿದ್ದಾಗ ಅವನು ಕೆರದ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ಅವ್ವ ರೊಟ್ಟಿ ಬಡಿಯುತ್ತ ಕೇಳಿದಳು: "ಪುಸ್ತಕದಾಗ ನಮ್ಮಂಥಾವ್ರ ಬಗ್ಗೇನೂ ಬರದಾರೇನು?" ನಾನು ಹೌದೆಂದೆ. ಏನು ಬರೆದಾರೆ ಅಂದಳು. ನಾನು ಎಷ್ಟು ಮೆತ್ತಗೆ ಹೇಳಲು ನೋಡಿದರೂ ಅವಳು ತಟ್ಟನೆ ಬಂದು ನಿಂತದ್ದು ಅಲ್ಲಿಗೇ: "ಅಂದ್ರ ಅವಂದು ನಮ್ಮಿಂದನ ಆತೇನು?"

"ಖಂಡಿತ ಹೇಳಾಕ ಬರೂದಿಲ್ಲವ್ವಾ. ಅಕ್ಕ, ನಾನು ನೆಟ್ಟಗ ಅದೀವಲ್ಲ. ಹೊರಗ ಮದವಿ ಆದವ್ರಿಗೂ ಹಿಂಗ ಆಗತೈತಿ" ಅಂದೆ. ಅದು ಸುಳ್ಳಲ್ಲ. ಸಂಭವ ಹೆಚ್ಚಾಗುತ್ತದೆ ಎನ್ನುವುದು ಬೇರೆ, ಈ ಒಬ್ಬನಿಗೆ ಇದರಿಂದಲೇ ಆಯಿತು ಎನ್ನುವುದು ಬೇರೆ. ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಸುಮ್ಮನಾದಳು.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅಕ್ಕ ಒತ್ತೆಯಿಟ್ಟ ಸರದ ಹಿಂದೆ ಒಂದು ಮಾತಿತ್ತು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅಕ್ಕನ ಮಗಳು ಬಿ.ಎ. ಕೊನೆಯ ವರ್ಷದಲ್ಲಿದ್ದಾಳೆ. ಸೋದರಮಾವ ನಾನಿದ್ದೇನೆ. ಪಂಚಮಿ ಹಬ್ಬಕ್ಕೆ ಬಂದ ಅಕ್ಕ, "ಪರೀಕ್ಷಾ ಆಗ್ಲಿ ಬಿಡ್ಲಿ, ಬರೂ ವರ್ಷ ಅಕ್ಕಿಕಾಳು ಹಾಕಿಬಿಡೂನು" ಎಂದು ನೇರವಾಗಿಯೇ ಅಂದುಬಿಟ್ಟಳು.

ಎಂ. ಎನ್. ಶ್ರೀನಿವಾಸ್ ರಾಂಪುರದಲ್ಲಿ 1948ರಲ್ಲಿ ಮಾಡಿದ ಕ್ಷೇತ್ರಕಾರ್ಯದ ಸಂಸ್ಕರಿಸಿದ ಟಿಪ್ಪಣಿಗಳೆಲ್ಲ 1970ರಲ್ಲಿ ಸ್ಟ್ಯಾನ್‌ಫರ್ಡಿನ ಬೆಂಕಿಯಲ್ಲಿ ಸುಟ್ಟವು. ನೆನಪನ್ನೇ ನೆಚ್ಚಿ ಅವರು ‘ದಿ ರಿಮೆಂಬರ್ಡ್ ವಿಲೇಜ್’ ಬರೆದರು. ಮಾನವಶಾಸ್ತ್ರಜ್ಞ ಮೂರು ಸಲ ಹುಟ್ಟುತ್ತಾನೆ ಎಂಬುದು ಅವರ ವಿಚಾರ: ತನ್ನ ಸಮಾಜದಲ್ಲಿ ಒಮ್ಮೆ, ಬೇರೆ ಸಮಾಜವನ್ನು ಅರಿತಾಗ ಇನ್ನೊಮ್ಮೆ, ತಿರುಗಿ ಬಂದು ತನ್ನದನ್ನೇ ಹೊಸದಾಗಿ ಕಂಡಾಗ ಮತ್ತೊಮ್ಮೆ. ಅದನ್ನು ಓದುತ್ತ ನನಗೆ ನನ್ನ ಮೇಲೇ ನಗು ಬಂತು. ಮಾರ್ಗನ್, ಕರ್ವೆ ಎಲ್ಲರನ್ನೂ ಕೇಳಿದ್ದೆ, ಆ ಹುಡುಗಿಯನ್ನು ಮಾತ್ರ ಒಂದು ಮಾತು ಕೇಳಿರಲಿಲ್ಲ. ಸಂಶೋಧನಾ ವಿಧಾನದ ಮೊದಲ ಪಾಠವೇ ಸಂಬಂಧಪಟ್ಟವರನ್ನು ಕೇಳು ಎಂಬುದು.

ಹೊಳೆಯ ಕಡೆ ಹೋಗುವಾಗ ಕೇಳಿದೆ. ಅವಳು ಬಹಳ ಹೊತ್ತು ಉತ್ತರ ಕೊಡಲಿಲ್ಲ. ಆಮೇಲೆ, "ನಂಗ ಬಿ.ಎಡ್. ಮಾಡೂದೈತಿ ಮಾಮಾ. ನಾ ಒಲ್ಲೆ ಅಂದ್ರ ಅವ್ವ ನಿನ್ನ ಋಣದ ಮಾತ ತಗೀತಾಳ. ನೀನ ಹೇಳಬೇಕು" ಅಂದಳು.

ಅವತ್ತು ರಾತ್ರಿ ಅಕ್ಕನಿಗೆ ಹೇಳಿದೆ. ಗುಣಾಂಕ, ಜೀನು ಎಲ್ಲ ಹೇಳಿದೆ. ಅವಳು ಅದಾವುದಕ್ಕೂ ಎದುರಾಡಲಿಲ್ಲ. "ನನ್ನ ಹೊರಗ ಕೊಟ್ರಿ. ಮೊದಲ ಐದು ವರ್ಷ ಆ ಮನ್ಯಾಗ ಉಂಡೀಯೇನ ಅಂತ ಕೇಳಾವ್ರು ಒಬ್ರಿರಲಿಲ್ಲ. ನನ್ನ ಮಗಳಿಗೆ ಹಂಗಾಗಬಾರ್ದು ಅಂದೆ, ಅಷ್ಟ" ಅಂದಳು. ಕರ್ವೆಯವರ ಪುಟದಲ್ಲಿ ನಾನು ಎರಡು ಗೆರೆ ಎಳೆದಿದ್ದ ಸಾಲು ಇದೇ. ಓದುವಾಗ ಅದು ಹತ್ತು ಅಂಕದ ಉತ್ತರವಾಗಿತ್ತು. ನಮ್ಮ ಅಕ್ಕ ಆ ಮನೆಯಲ್ಲಿ ಉಂಡಳೋ ಇಲ್ಲವೋ ಎಂದು ನಾನೂ ಯಾವತ್ತೂ ಕೇಳಿರಲಿಲ್ಲ.

ಪರೀಕ್ಷೆಯಲ್ಲಿ ಎರಡೂ ಕಡೆಯ ವಾದ ಬರೆದು, ಕೊನೆಗೊಂದು ಸಮತೋಲನದ ಸಾಲು ಸೇರಿಸಿದರೆ ಅಂಕ ಬರುತ್ತದೆ. ಅಕ್ಕನ ಮುಂದೆ ಅಂಥ ಸಾಲು ಸಿಗಲಿಲ್ಲ. "ಅಕಿ ಎಲ್ಲಿಗೆ ಹೋದ್ರೂ ನಾ ಹೋಗಿ ಕೇಳ್ತೀನಿ" ಎಂದಷ್ಟೇ ಅಂದೆ. ಅಕ್ಕ ಬೆಳಗಿನ ಮೊದಲ ಬಸ್ಸಿಗೆ ಮಾತಾಡದೆ ಹೊರಟುಹೋದಳು.

ಎರಡು ವಾರದ ಮೇಲೆ ಫೋನ್ ಮಾಡಿದಳು. ಮದುವೆಯ ಮಾತೆತ್ತಲಿಲ್ಲ. ಧಾರವಾಡದಲ್ಲಿ ಹುಡುಗಿಯರ ಹಾಸ್ಟೆಲಿಗೆ ತಿಂಗಳಿಗೆ ಎಷ್ಟು ಬೀಳುತ್ತದೆ, ವಿಚಾರಿಸಿ ಹೇಳು ಅಂದಳು. ಸರ ಇನ್ನೂ ಒತ್ತೆಯಲ್ಲೇ ಇದೆ.