ಮಂಗಲಪೇಟೆಯ ದವಾಖಾನೆ

ಬೀದರಿನಲ್ಲಿ 'ಮಿಷನ್ ದವಾಖಾನೆ' ಎಂದರೆ ಸಾಕು, ಆಟೋದವರು ಸೀದಾ ಮಂಗಲಪೇಟೆಗೆ ಬಿಡುತ್ತಾರೆ. ಅಮೆರಿಕದ ಮೆಥೋಡಿಸ್ಟ್ ಮಿಷನರಿಗಳು ಇಲ್ಲಿ ನೆಲೆಯೂರಿದ್ದು ನಿಜಾಮರ ಕಾಲದಲ್ಲಿ. ಪ್ರಾರ್ಥನೆಯ ಜೊತೆಗೆ ಶಾಲೆ, ದವಾಖಾನೆಗಳೂ ಬಂದವು. ನಾರ್ಮಾ ಫೆಂಡ್ರಿಕ್ ಶಾಲೆ ಇಂದಿಗೂ ಇದೆ. ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಿಂದ ಅವರ ಬಳಿಗೆ ಹೋದವರಲ್ಲಿ ಹೆಚ್ಚಿನವರು ದಲಿತರು. ಊರ ಬಾವಿಗೂ ಸೇರಿಸದ ಆ ದಿನಗಳಲ್ಲಿ ಕೈ ಹಿಡಿದು ನಾಡಿ ನೋಡುವವರು ಸಿಕ್ಕಿದ್ದೇ ದೊಡ್ಡದು.

ಈಗ ಹೊರದೇಶದ ತಂಡವೊಂದು ವಾರದ ಮಟ್ಟಿಗೆ ಬಂದು ಕಂಬಳಿ ಹಂಚಿದರೆ, 'ಫೋಟೋ ಕಳಿಸಿ' ಎಂದು ನಮಗೆ ಡೆಸ್ಕಿನಿಂದ ಫೋನ್ ಬರುತ್ತದೆ. ತಂಡ ಹೋದ ಮೇಲೂ ಹಳ್ಳಿಯ ಬಾಣಂತಿಯನ್ನು ರಾತ್ರಿಯಿಡೀ ಕಾಯುವ ನಮ್ಮೂರ ನರ್ಸಬಾಯಿಯ ಬಗ್ಗೆ ಬರೆದು ಕಳಿಸಿದರೆ, 'ಇದರಲ್ಲಿ ಸುದ್ದಿ ಏನಿದೆ?' ಎನ್ನುತ್ತಾರೆ. ಆಕೆ ಇಲ್ಲೇ ಉಳಿದಿದ್ದಾಳಲ್ಲ, ಅದೇ ಸುದ್ದಿ ಎನ್ನುತ್ತೇವೆ ನಾವು. ನೀವೇನಂತೀರಿ?