ಎಡಗಾಲಿನ ಗೆಜ್ಜೆ

ಗೊಜ್ಜಿಗೆ ಎರಡು ಹಾಗಲಕಾಯಿ ಕೊಯ್ದು ತನ್ನಿ ಅಂತ ಮನೆಯಾಕೆ ಹಿತ್ತಲಿಗೆ ಅಟ್ಟಿದಳು. ಎಲೆ ಸರಿಸಿ ಕಾಯಿ ಹುಡುಕುತ್ತಿದ್ದಾಗ ಕೈಗೆ ತಣ್ಣಗಿನ ಕಬ್ಬಿಣ ತಾಗಿತು. ನಮ್ಮ ಜೀಪಿನ ಹಳೇ ರೋಲ್ ಬಾರು. ಚಪ್ಪರ ಹಾಕಿಕೊಡಿ ಅಂತ ಕೇಳಿ ಕೇಳಿ ಸಾಕಾಗಿ ಅದನ್ನೇ ಗೋಡೆ ಪಕ್ಕ ಹುಗಿಸಿ ಬಳ್ಳಿ ಹಬ್ಬಿಸಿದ್ದಾಳೆ. ಜೀಪು ಮಗುಚಿದರೆ ನಮ್ಮ ತಲೆ ಕಾಯಲೆಂದು ಮೂವತ್ತು ವರ್ಷ ನಿಂತಿದ್ದ ಕಮಾನು ಈಗ ಹಾಗಲಕಾಯಿ ಕಾಯುತ್ತಿದೆ. ಅದನ್ನು ಸವರುತ್ತ ಅಲ್ಲೇ ನಿಂತುಬಿಟ್ಟೆ. ಒಳಗೆ ಒಗ್ಗರಣೆ ಸೀದ ವಾಸನೆ ಬಂದಾಗಲೇ ಎಚ್ಚರ.

ನಿಮ್ಮದು ಯಾವ ಕಂಪನಿಯ ಜೀಪು ಅಂತ ಮಾತ್ರ ಕೇಳಬೇಡಿ. ಮಲೆನಾಡಿನಲ್ಲಿ ಹಳೇ ಜೀಪಿನ ಕುಲಗೋತ್ರ ಕೆದಕುವ ಪದ್ಧತಿ ಇಲ್ಲ. ಚಾಸಿ ಒಬ್ಬರದು, ಗೇರ್‌ಬಾಕ್ಸ್ ಯಾರದೋ ತೋಟದ ಕೊಟ್ಟಿಗೆಯಲ್ಲಿ ಬಿದ್ದಿದ್ದು, ಬಾಡಿ ಪೇಟೆಯಲ್ಲಿ ಕಟ್ಟಿಸಿದ್ದು, ಸೀಟಿನ ರೆಗ್ಜಿನ್ ಅಂತೂ ವರ್ಷಕ್ಕೊಂದು ಬಣ್ಣ. ರೋಲ್ ಬಾರಿನ ವಂಶಾವಳಿ ಮಾತ್ರ ನನಗೆ ಪೂರ್ತಿ ಗೊತ್ತು. ಅದು ಹುಟ್ಟಿದ್ದು ನಮ್ಮ ಕಣ್ಣೆದುರಿಗೆ.

1991ರ ಬೇಸಿಗೆ. ಮೇಲಿನ ಮನೆಯವರ ಜೀಪು ಹಳ್ಳಕ್ಕೆ ಮಗುಚಿತು. ಡ್ರೈವರು ಹಾರಿಕೊಂಡಿದ್ದ, ಒಳಗಿದ್ದದ್ದು ಬರೀ ಅಡಿಕೆ ಮೂಟೆ. ಆದರೂ ನಮ್ಮ ಅಜ್ಜಿ, ಇನ್ನು ಈ ಮೂಗು ಮೊಂಡ ಗಾಡಿ ಹತ್ತುವವಳಲ್ಲ ಅಂತ ಕೂತುಬಿಟ್ಟಳು. ಅಪ್ಪಯ್ಯ ಆಚಾರ್ರನ್ನು ಕರೆಸಿದರು. ಆ ಕಾಲದಲ್ಲಿ ನಮ್ಮ ಕಡೆ ರೋಲ್ ಬಾರು ಅಂದರೆ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ, ಪೈಪು ಬಗ್ಗಿಸಿ ಮಾಡುವಂಥದ್ದು. ಗುಡ್ಡದ ಮೇಲಿನ ಒರತೆಯಿಂದ ಮನೆಗೆ ಗ್ರಾವಿಟಿ ನೀರು ತಂದಾಗ ಉಳಿದಿದ್ದ ಒಂದೂವರೆ ಇಂಚಿನ ಜಿಐ ಪೈಪು ಅಟ್ಟದ ಮೇಲಿತ್ತು. ಮೈಮೇಲೆ ನೀಲಿ ಪಟ್ಟಿ, ಅಂದರೆ ಬಿ ಕ್ಲಾಸ್. ಪೈಪಿನ ಲೋಕದಲ್ಲಿ ಶಾಲೆಯ ಲೆಕ್ಕ ತಿರುವುಮುರುವು: ಹಳದಿ ಪಟ್ಟಿಯ ಎ ಕ್ಲಾಸ್ ಎಲ್ಲಕ್ಕಿಂತ ತೆಳು, ಕೆಂಪು ಪಟ್ಟಿಯ ಸಿ ಕ್ಲಾಸ್ ಗಟ್ಟಿ. ನಮ್ಮದು ನಡುವಿನದು. ನಮ್ಮ ಮನೆಯಲ್ಲಿ ಎಲ್ಲವೂ ನಡುವಿನದೇ.

ಪೈಪನ್ನು ಸುಮ್ಮನೆ ಬಗ್ಗಿಸಿದರೆ ಬಗ್ಗಿದ ಜಾಗ ಚಪ್ಪಟೆಯಾಗಿ ಮುರುಟುತ್ತದೆ. ಹಾಗಾಗಬಾರದು ಅಂದರೆ ಒಳಗೆ ಮರಳು ತುಂಬಬೇಕು. ಆಚಾರ್ರು ಹೊಳೆಯ ಮರಳು ತಂದು ಜರಡಿ ಹಿಡಿದು ಬಾಣಲೆಯಲ್ಲಿ ಹುರಿದರು. ಹಸಿ ಇದ್ದರೆ ಕಾಯಿಸುವಾಗ ಆವಿಯಾಗಿ ಬಿರಡೆ ಗುಂಡಿನ ಹಾಗೆ ಹಾರುತ್ತದೆ. ತುಂಬಿ, ತಟ್ಟಿ, ಎರಡೂ ತುದಿಗೆ ಮರದ ಬಿರಡೆ ಬಡಿದು, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಅಂಗಳದ ಹಲಸಿನ ಬೊಡ್ಡೆಗೆ ಆನಿಸಿ ನಾಲ್ಕು ಜನ ಎಳೆದರು. ಜಿಐ ಪೈಪಿನ ಸತು ಉರಿದು ಬಿಳಿ ಹೊಗೆ ಎದ್ದಿತು. ಆ ಹೊಗೆ ಕುಡಿದ ಆಚಾರ್ರಿಗೆ ರಾತ್ರಿ ಚಳಿಜ್ವರ ಬಂತು. ಸತುವಿನ ಹೊಗೆ ಕುಡಿದವರಿಗೆ ಬರುವ ಜ್ವರವೇ ಬೇರೆ, ಒಂದು ದಿನ ನಡುಗಿಸಿ ಹೋಗುತ್ತದೆ. ಅಜ್ಜಿ ಹಾಲುಬೆಲ್ಲ ಕೊಟ್ಟು ಕಳಿಸಿದಳು. ಮೂರನೇ ದಿನ ಆಚಾರ್ರು ಬಂದು ಬಾರಿನ ಎರಡೂ ಕಾಲಿಗೆ ತಗಡಿನ ಪಾದ ಕೂರಿಸಿ, ಜೀಪಿನ ಫ್ಲೋರಿಗೆ ವೆಲ್ಡ್ ಮಾಡಿ, ಕಪ್ಪು ಬಣ್ಣ ಬಳಿದರು. ಎ ಕ್ಲಾಸ್ ಕೆಲಸ ಅಂದರು ಅಪ್ಪಯ್ಯ.

ಅಲ್ಲಿಂದ ಮುಂದೆ ಅದು ತಲೆ ಕಾಯುವುದೊಂದು ಬಿಟ್ಟು ಉಳಿದೆಲ್ಲ ಕೆಲಸ ಮಾಡಿತು. ನಮ್ಮ ಜೀಪು ಮಗುಚಲೇ ಇಲ್ಲ. ಒಮ್ಮೆ ಮಳೆಗಾಲದಲ್ಲಿ ಜಾರಿ ಧರೆಗೆ ಒರಗಿಕೊಂಡಿತ್ತು, ಆಗಲೂ ಬಾರಿಗೆ ಮಣ್ಣು ತಾಗಲಿಲ್ಲ. ಹಿಂದಿನ ಸೀಟಿನಲ್ಲಿ ಒಂಬತ್ತು ಜನ ತುಂಬಿದಾಗ ಒಂಬತ್ತು ಕೈಯೂ ಅದರ ಮೇಲೆ. ಬಾಳೆಗೊನೆ ತೂಗಿತು, ಆಸ್ಪತ್ರೆಯಿಂದ ಬರುವಾಗ ಗ್ಲೂಕೋಸ್ ಬಾಟಲಿ ತೂಗಿತು, ಒಮ್ಮೆ ಹತ್ತಿರದವರ ಮಗುವಿಗೆ ಸೀರೆಯ ಜೋಲಿಯೂ ಆಯಿತು. ಎಡಗಡೆ ತುದಿ ಕೆಳಮನೆ ಅತ್ತೆಯ ಖಾಯಂ ಜಾಗ. ಅವರು ಹಿಡಿದುಕೊಳ್ಳುವ ಕಡೆ ಬಣ್ಣ ಸವೆದು ದೇವಸ್ಥಾನದ ಹೊಸಿಲಿನ ಹಾಗೆ ಹೊಳೆಯುತ್ತಿತ್ತು.

ಬಾರು ಹಾಕಿಸಿದ ವರ್ಷವೋ ಮರುವರ್ಷವೋ ಆ ಸದ್ದು ಶುರುವಾಯಿತು. ಚಕ್ರ ಗುಂಡಿಗೆ ಬಿದ್ದಾಗಲೆಲ್ಲ ಎಡಗಡೆ ಹಿಂದಿನಿಂದ ಝಲ್. ಕೆಳಮನೆ ಅತ್ತೆ ಅದಕ್ಕೆ ಗೆಜ್ಜೆ ಅಂತ ಹೆಸರಿಟ್ಟರು. ಮೆಕ್ಯಾನಿಕ್ ಪಾಟಾ ಬುಷ್ ಬದಲಿಸಿದ. ಹೋಗಲಿಲ್ಲ. ಶ್ಯಾಕಲ್ ಪಿನ್ ಬದಲಿಸಿದ, ಶಾಕ್ ಅಬ್ಸಾರ್ಬರ್ ಬದಲಿಸಿದ, ಹಿಂದಿನ ಬಾಗಿಲಿನ ಕೊಂಡಿಗೆ ಟ್ಯೂಬಿನ ರಬ್ಬರ್ ಸುತ್ತಿದ. ಜೂನ್ ತಿಂಗಳಲ್ಲಿ ಸದ್ದು ನಿಂತಿತು. ನೋಡಿದ್ರಾ ಅಂತ ಅವನು ಬೀಗಿದ. ದೀಪಾವಳಿಗೆ ಮತ್ತೆ ಝಲ್. ಹೀಗೆ ಪ್ರತಿ ಮಳೆಗಾಲ ನಿಲ್ಲುವುದು, ಪ್ರತಿ ದೀಪಾವಳಿಗೆ ಹುಟ್ಟುವುದು. ಅಪ್ಪಯ್ಯ ಹೋಗುವವರೆಗೂ ಈ ಗುಟ್ಟು ಬಿಡಿಸಲಾಗಲಿಲ್ಲ.

ಜೀಪಿಗೂ ತಲೆಯ ಮೇಲಿನ ಕಬ್ಬಿಣಕ್ಕೂ ಹುಟ್ಟಿನಿಂದಲೇ ಆಗಿಬರುವುದಿಲ್ಲ. 1940ರ ಜುಲೈಯಲ್ಲಿ ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಪತ್ರ ಬರೆದು ಪುಟ್ಟ ಗಾಡಿಯೊಂದು ಬೇಕು ಅಂದಾಗ, ತೂಕ 1,300 ಪೌಂಡು ಮೀರಬಾರದು ಅಂತ ಕರಾರು ಹಾಕಿತ್ತು. ಅಂದರೆ ಆರು ಕ್ವಿಂಟಾಲಿನ ಒಳಗೆ. ಅದು ಆಗದ ಮಾತು ಅಂತ ಗೊತ್ತಾಗಿ ಮಿತಿ 2,160ಕ್ಕೆ ಏರಿತು. ಬ್ಯಾಂಟಮ್ ಅನ್ನುವ ಬಡಪಾಯಿ ಕಂಪನಿ 49 ದಿನದಲ್ಲಿ ಮೊದಲ ಗಾಡಿ ಕಟ್ಟಿ, ಸೆಪ್ಟೆಂಬರ್ 23ರಂದು ಹೋಲಬರ್ಡ್ ಶಿಬಿರಕ್ಕೆ ಮುಟ್ಟಿಸಿತು. ಆದರೆ ಹೆಚ್ಚಿನ ಆರ್ಡರು ಹೋದದ್ದು ವಿಲ್ಲೀಸ್‌ಗೆ ಮತ್ತು ಫೋರ್ಡ್‌ಗೆ. ವಿಲ್ಲೀಸ್ ಗಾಡಿಯ ಎಂಜಿನ್ ಬಲಶಾಲಿ, ಮೈ ಮಾತ್ರ ಭಾರ. ಇಳಿಸಲು ಅವರು ಪಟ್ಟ ಪಾಡು ನಮ್ಮ ಮದುವೆಗೆ ಮುಂಚಿನ ಪಥ್ಯವನ್ನು ಮೀರಿಸುವಂಥದ್ದು. ಬೋಲ್ಟುಗಳ ಹೆಚ್ಚಿನ ಉದ್ದ ಕತ್ತರಿಸಿದರು, ಬಣ್ಣವನ್ನು ಒಂದೇ ಕೋಟಿಗೆ ಇಳಿಸಿದರು ಅಂತ ಹೇಳುತ್ತಾರೆ. ಬಣ್ಣದ ತೂಕವನ್ನೂ ಲೆಕ್ಕ ಹಾಕಿದವರು ತಲೆಯ ಮೇಲೊಂದು ಕಬ್ಬಿಣದ ಕಮಾನು ಇಡುತ್ತಾರೆಯೇ? ಜೊತೆಗೆ ಗಾಡಿ ಪೊದೆಯ ಹಿಂದೆ ಅಡಗುವಷ್ಟು ಗಿಡ್ಡ ಇರಬೇಕಿತ್ತು. ಅದಕ್ಕೇ ಮುಂದಿನ ಗ್ಲಾಸನ್ನೂ ಬಾನೆಟ್ಟಿನ ಮೇಲೆ ಮಲಗಿಸುವ ಹಾಗೆ ಮಾಡಿದ್ದು.

ಈ ಮಲಗಿಸುವ ಗ್ಲಾಸೇ ಜೀಪಿಗೆ ಮೊದಲ ಕಬ್ಬಿಣದ ಕಂಬ ತಂದುಕೊಟ್ಟಿತು. ನನ್ನ ಪಾಲಿಗೆ ಎರಡನೇ ಮಹಾಯುದ್ಧ ಅಂದರೆ ಈ ಕಂಬವೇ. ನಾರ್ಮಂಡಿಯ ವಿಷಯವನ್ನು ಬೇರೆಯವರು ಬರೆದುಕೊಳ್ಳಲಿ. ಗ್ಲಾಸಿನ ಹೊಳಪು ದೂರಕ್ಕೆ ಕಾಣುತ್ತದೆಂದು ಸೈನಿಕರು ಅದನ್ನು ಮಲಗಿಸಿ ಓಡಿಸುತ್ತಿದ್ದರು. ಅದು ಗೊತ್ತಿದ್ದ ಜರ್ಮನ್ನರು ರಸ್ತೆಗೆ ಅಡ್ಡಲಾಗಿ, ಸರಿಯಾಗಿ ಕತ್ತಿನ ಎತ್ತರಕ್ಕೆ ತಂತಿ ಕಟ್ಟಿ ಹೋದರು. ಕತ್ತಲಲ್ಲಿ ತಂತಿ ಕಾಣುವುದಿಲ್ಲ. ಮೇಲಿನವರ ಆದೇಶಕ್ಕೆ ಕಾಯುತ್ತ ಕೂರಲಾಗದೆ ಸೈನ್ಯದ ಮೆಕ್ಯಾನಿಕ್ಕುಗಳು ಸಿಕ್ಕ ಸಿಕ್ಕ ಆಂಗಲ್ ಐರನ್ ತುಂಡನ್ನು ಮುಂದಿನ ಬಂಪರಿಗೆ ನೆಟ್ಟಗೆ ವೆಲ್ಡ್ ಮಾಡಿ, ತುದಿಯಲ್ಲಿ ಕೊಕ್ಕೆಯ ಹಾಗೆ ಕಚ್ಚು ಮಾಡಿದರು. ತಂತಿ ಕಂಬವನ್ನೇರುತ್ತ ಹೋಗಿ ಕಚ್ಚಿಗೆ ಸಿಕ್ಕಿ ತುಂಡಾಗುತ್ತಿತ್ತು. ಒಂದೊಂದು ತುಕಡಿಯದು ಒಂದೊಂದು ಅಳತೆ, ಒಂದೊಂದು ಆಕಾರ. ಆ ಫೋಟೊಗಳನ್ನು ನೋಡಿದಾಗಲೆಲ್ಲ ನನಗೆ ಕಾಣುವುದು ನಮ್ಮ ಆಚಾರ್ರೇ. ಅದೇ ಒರಟು ಬೆಸುಗೆ, ಅದೇ ಎಲ್ಲಿಂದಲೋ ಕತ್ತರಿಸಿ ತಂದ ತುಂಡು. ಅಷ್ಟೇಕೆ, ತೋಟದ ದಾರಿಯಲ್ಲಿ ಗ್ಲಾಸು ಮಲಗಿಸಿ ಹೋಗುವಾಗ ಬಿದಿರಿನ ಮುಳ್ಳುಗೆಲ್ಲು ಮುಖಕ್ಕೆ ಬಡಿಯದಿರಲೆಂದು ಅಪ್ಪಯ್ಯನೂ ಒಂದು ಕೊಕ್ಕೆಕಂಬ ಹಾಕಿಸಿದ್ದರು. ಅದನ್ನು ಯಾವ ಜರ್ಮನ್ನರೂ ಹೇಳಿಕೊಟ್ಟಿರಲಿಲ್ಲ. 2017ರ ಡಿಸೆಂಬರಿನಲ್ಲಿ ಬುಲ್ ಬಾರು, ಕ್ರ್ಯಾಷ್ ಗಾರ್ಡು ಯಾವುದೂ ಇರಕೂಡದು ಅಂತ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದ ಮೇಲೆ ಹೆದರಿ ತೆಗೆಸಿದೆ. ಬಿದಿರಿಗೆ ಯಾರೂ ಬರೆದಂತಿಲ್ಲ.

ಯುದ್ಧ ಮುಗಿದ ಮೇಲಿನ ಕಥೆ ನಿಮಗೆ ಗೊತ್ತೇ ಇದೆ. ಸೈನ್ಯ ಬೇಡವೆಂದು ಮಾರಿದ ಡಿಸ್ಪೋಸಲ್ ಜೀಪುಗಳು ಕಾಫಿ ತೋಟ ಹತ್ತಿದವು. 1945ರ ಗಾಂಧಿ ಜಯಂತಿಯಂದು ಹುಟ್ಟಿದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿಯ ಮೊಹಮ್ಮದರು ದೇಶ ಒಡೆದಾಗ ಆಚೆ ಹೋಗಿ ಪಾಕಿಸ್ತಾನದ ಹಣಕಾಸು ಮಂತ್ರಿಯಾಗಿ, ಆಮೇಲೆ ಗವರ್ನರ್ ಜನರಲ್ಲೇ ಆದರು. ಈಚೆ ಉಳಿದವರು ಜೀಪು ಜೋಡಿಸಿದರು. ಯಾರು ಒಳ್ಳೇ ಕೆಲಸ ಮಾಡಿದರು ಅನ್ನುವುದರಲ್ಲಿ ಅಪ್ಪಯ್ಯನಿಗೆ ಅನುಮಾನವೇ ಇರಲಿಲ್ಲ.

ಜೀಪು ಮಗುಚುತ್ತದೆ ಅನ್ನುವ ಅಪವಾದಕ್ಕೆ ಬಂದರೆ, 1980ರ ಡಿಸೆಂಬರಿನಲ್ಲಿ ಅಮೆರಿಕದ ಟಿವಿಯ ‘ಸಿಕ್ಸ್ಟಿ ಮಿನಿಟ್ಸ್’ ಕಾರ್ಯಕ್ರಮ ಸಿಜೆ-5 ಜೀಪು ತಿರುವಿನಲ್ಲಿ ಪಲ್ಟಿ ಹೊಡೆಯುವುದನ್ನು ದೇಶಕ್ಕೆಲ್ಲ ತೋರಿಸಿತು. ಆಮೇಲೆ ಬಯಲಾದದ್ದು: ಎಂಟು ಪಲ್ಟಿಗೆ 435 ಸಲ ಓಡಿಸಿದ್ದರು, ಗಾಡಿಯ ಮೂಲೆಗಳಿಗೆ ಭಾರ ಕಟ್ಟಿದ್ದರು. 435 ಸಲ ಓಡಿಸಿದರೆ ನಮ್ಮೂರ ಕೋಣನ ಗಾಡಿಯೂ ಮಗುಚೀತು. ಗಿಡ್ಡ ಗಾಲಿ ಅಂತರ, ಎತ್ತರದ ಹೊಟ್ಟೆ ಇರುವ ಗಾಡಿ ಜೋರಾಗಿ ತಿರುಗಿಸಿದರೆ ಹೊರಳುತ್ತದೆ, ಅದು ನಿಜವೇ. ಆದರೂ ನಾನು ಜೀಪಿನ ಕಡೆಯ ವಕೀಲ. ಮಗುಚುವ ವಿಚಾರದಲ್ಲಿ ಬುದ್ಧಿವಂತರು ಅಂದರೆ ಸ್ವೀಡನ್ನಿನವರು. ಜಗಳಕ್ಕೆ ಹೋಗದೆ 1959ರಲ್ಲೇ ಹೊಸ ಟ್ರ್ಯಾಕ್ಟರಿಗೆಲ್ಲ ತಲೆಗಾವಲಿನ ಚೌಕಟ್ಟು ಕಡ್ಡಾಯ ಮಾಡಿದರು. ಟ್ರ್ಯಾಕ್ಟರಿನಡಿ ಸಾಯುವವರು ಅಲ್ಲಿ ಕಡಿಮೆಯಾಗುತ್ತ ಬಂದರು.

ಕಳೆದ ವರ್ಷ ದಸರೆಗೆ ಬಂದ ಮಗಳು ಬಾರು ಹಿಡಿದು ಹಿಂದೆ ಹತ್ತಿದವಳು ಅಂಗೈ ತೋರಿಸಿದಳು. ಕೆಂಪಗೆ ತುಕ್ಕಿನ ಪುಡಿ. ಬಾರಿನ ಎಡಗಾಲಿನ ಪಾದದ ಹತ್ತಿರ ಹೆಬ್ಬೆರಳು ಒತ್ತಿದಳು. ಹಪ್ಪಳದ ಹಾಗೆ ಒಳಗೆ ಹೋಯಿತು.

"ಅಪ್ಪ, ಇದನ್ನ ನಂಬ್ಕೊಂಡು ಜನ ಕೂರಿಸ್ತೀರಲ್ಲ!"

ಪೇಟೆಗೆ ಹೋದೆವು. ಹಳೇ ಆಚಾರ್ರು ತೀರಿಕೊಂಡಿದ್ದಾರೆ, ಈಗ ಮಗ. ಅವರು ಮೊದಲು ಬ್ಯಾಟರಿ ಟರ್ಮಿನಲ್ ಬಿಚ್ಚಿ, ಸೀಟು ಕಳಚಿ, ಫ್ಲೋರಿಗೆ ಒದ್ದೆ ಗೋಣಿಚೀಲ ಹಾಸಿದರು. ಬಲಗಾಲನ್ನು ಗ್ರೈಂಡರಿನಲ್ಲಿ ಕೊಯ್ದಾಗ ಕಿಡಿ ಹಾರಿತು, ಅಷ್ಟೇ. ಎಡಗಾಲು ಕೊಯ್ದು ಬಾರನ್ನು ಎತ್ತಿದರೆ ಒಳಗಿಂದ ಸುರ್ರನೆ ಮರಳು ಸುರಿಯಿತು. ಹಿಂದೆಯೇ ಅಡಿಕೆ ಗಾತ್ರದ ಎರಡು ಸುಟ್ಟ ಹೆಂಟೆ. ಆಚಾರ್ರು ಗ್ರೈಂಡರ್ ನಿಲ್ಲಿಸಿ, ಕನ್ನಡಕ ಹಣೆಗೇರಿಸಿ, ಚಿಟಿಕೆ ಮರಳು ಬೆರಳಲ್ಲಿ ತಿಕ್ಕಿದರು.

"ನಮ್ಮ ಅಪ್ಪಯ್ಯಂದೇ ಗೌಡ್ರೇ. ಜ್ವರದಲ್ಲಿ ಬಡಿದು ತೆಗೆಯೋದು ಮರ್ತಿದಾರೆ."

ನನಗೆ ಮೂವತ್ತು ವರ್ಷದ ಲೆಕ್ಕ ಒಂದೇ ಕ್ಷಣದಲ್ಲಿ ಚುಕ್ತಾ ಆಯಿತು. ಬಗ್ಗಿಸುವಾಗ ಕಾದು ಅಂಟಿಕೊಂಡ ಮರಳು ಜೀಪಿನ ಕುಲುಕಾಟಕ್ಕೆ ಕಳಚಿ ಎಡಗಾಲಿಗೆ ಇಳಿದಿದೆ. ಗುಂಡಿಗೆ ಬಿದ್ದಾಗಲೆಲ್ಲ ಒಳಗೇ ಕುಣಿದಿದೆ. ಮಳೆಗಾಲದಲ್ಲಿ ಬೆಸುಗೆಯ ಸೂಜಿತೂತಿನಲ್ಲಿ ನೀರಿಳಿದು ಒದ್ದೆಯಾಗಿ ಸುಮ್ಮನಾಗಿದೆ, ಒಣಗಿದಾಗ ದೀಪಾವಳಿ ಆಚರಿಸಿದೆ. ಆ ತೇವವೇ ಕಬ್ಬಿಣವನ್ನು ಒಳಗಿಂದ ತಿಂದಿದೆ. ಎಷ್ಟು ಬುಷ್, ಎಷ್ಟು ಪಿನ್! ಆಚಾರ್ರ ಅಂಗಡಿಯ ಸ್ಟೂಲಿನಲ್ಲಿ ಕೂತು ಮಗಳಿಗೆ ಇದನ್ನೆಲ್ಲ ವಿವರಿಸಿದೆ. ಚಹಾ ತಂದ ಹುಡುಗನಿಗೂ ವಿವರಿಸಿದೆ.

ಹೊಸ ಬಾರಿಗೆ ಒಂದೂಮುಕ್ಕಾಲು ಇಂಚಿನ, ಮೂರು ಮಿಲಿಮೀಟರ್ ದಪ್ಪದ ಸೀಮ್‌ಲೆಸ್ ಟ್ಯೂಬು. ಬೆಂಕಿ ಇಲ್ಲ, ಮರಳಿಲ್ಲ. ಹೈಡ್ರಾಲಿಕ್ ಬೆಂಡರು ಎಮ್ಮೆ ಕತ್ತು ತಿರುಗಿಸಿದ ಹಾಗೆ ನಿಧಾನವಾಗಿ ಬಗ್ಗಿಸಿತು. ದಪ್ಪದಲ್ಲಿ ಹಳೆಯದೂ ಸುಮಾರು ಅಷ್ಟೇ ಇತ್ತು. ಆದರೆ ನೀರಿನ ಪೈಪು ಒಳಗಿಂದ ನೂಕುವುದನ್ನು ತಡೆಯಲು ಹುಟ್ಟಿದ್ದು, ಹೊರಗಿಂದ ಒಂದು ಟನ್ ಮೇಲೆ ಬಿದ್ದರೆ ಏನು ಮಾಡಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಈ ಸಲ ಫ್ಲೋರಿಗೆ ಬರೀ ಬೆಸುಗೆ ಹಾಕಲು ಮಗಳು ಬಿಡಲಿಲ್ಲ. ತಗಡಿನ ಮೇಲೊಂದು, ಕೆಳಗೊಂದು ದಪ್ಪ ಪ್ಲೇಟು ಇಟ್ಟು, ತಲೆಯ ಮೇಲೆ 8.8 ಅಂತ ಅಚ್ಚಿದ್ದ ಬೋಲ್ಟನ್ನೇ ಹುಡುಕಿಸಿ ಬಿಗಿಸಿದಳು. ಬರೀ ತೆಳು ತಗಡಿಗೆ ಕೂರಿಸಿದರೆ ಮಗುಚಿದಾಗ ಬಾರು ಗಟ್ಟಿ ಇದ್ದರೂ ತಗಡು ಹರಿದು ಕೆಳಗಿಳಿಯುತ್ತದಂತೆ. ಬಾರಿಗೆ ಕಪ್ಪು ಸ್ಪಂಜನ್ನೂ ಸುತ್ತಿಸಿದಳು. ನೋಡಲು ಗಾಡಿಗೆ ಕತ್ತಿನ ಪಟ್ಟಿ ಹಾಕಿದ ಹಾಗೆ ಕಾಣುತ್ತಿತ್ತು.

ದೀಪಾವಳಿಯ ಹಿಂದಿನ ದಿನ ಕೆಳಮನೆ ಅತ್ತೆಗೆ ಪೇಟೆಗೆ ಹೋಗಬೇಕಿತ್ತು. ಈಗ ಅವರಿಗೆ ಎಂಬತ್ತು ದಾಟಿದೆ. ಎಡಗಡೆ ತುದಿಯಲ್ಲಿ ಕೂತು ಬಾರಿಗೆ ಕೈ ಹಾಕಿದರು, ಸ್ಪಂಜು ಸೇರಿ ಮುಷ್ಟಿಗೆ ಸಿಗಲಿಲ್ಲ.

"ಎಂಥದಾ ಇದು, ಬಾಣಂತಿಗೆ ಸುತ್ತಿದ ಹಾಗೆ!"

ಅವರ ಕೈ ಬೀಳುವಷ್ಟು ಜಾಗದಲ್ಲಿ ಕತ್ತಿಯಿಂದ ಸ್ಪಂಜು ಕೊಯ್ದು ತೆಗೆದೆ. ಮಗಳು ನೋಡಿದರೂ ಏನೂ ಅನ್ನಲಿಲ್ಲ. ಹೊರಟೆವು. ಮೋರಿ ದಾಟಿದ ಮೇಲಿನ ಗುಂಡಿ ನನಗೆ ಬಾಯಿಪಾಠ. ತಪ್ಪಿಸಬಹುದಿತ್ತು, ಬೇಕೆಂತಲೇ ಎಡ ಚಕ್ರವನ್ನು ಅದಕ್ಕೆ ಇಳಿಸಿದೆ.

ಝಲ್.

ಕನ್ನಡಿಯಲ್ಲಿ ಮಗಳ ಮುಖ ನೋಡುವ ಧೈರ್ಯ ಬರಲಿಲ್ಲ. ಹಿಂದಿನಿಂದ ಅತ್ತೆಯ ದನಿ ಬಂತು:

"ಹೊಸ ಬಾರು ಹಾಕ್ಸಿದ್ದೇನೋ ಸರಿ ಮಾರಾಯ, ಗೆಜ್ಜೆ ಬಿಚ್ಚಿಟ್ಟಿರ್ತೀಯೋ ಏನೋ ಅಂತ ಮಾಡಿದ್ದೆ."